ಟ್ರ್ಯಾಕ್ಟರ್‌ಗೆ ಸ್ಪೀಕರ್ ಕೂರಿಸುವ ಮುನ್ನ ಆಂಪಿಯರ್ ಲೆಕ್ಕ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆಂದರೆ ಸಿಂಧನೂರು ಸೀಮೆಯ ಟ್ರ್ಯಾಕ್ಟರ್‌ಗಳಿಗೆ ಬಿಡುವೆಂಬುದಿಲ್ಲ. ಕೇಜ್‌ವೀಲ್ ಹಾಕಿಕೊಂಡು ಗದ್ದೆಗಿಳಿದ ಗಾಡಿ ಒಂದು ಹೊಲದ ಕೆಸರು ಮುಗಿಸುವ ಮೊದಲೇ ಮುಂದಿನವರ ಫೋನು ಬಂದಿರುತ್ತದೆ. ಹಗಲು ಸಾಲದೆ ರಾತ್ರಿಯೂ ಸ್ಟೇರಿಂಗ್ ಹಿಡಿದು ಕೂರುವ ಚಾಲಕನಿಗೆ ಹಾಡು ಬೇಕೇ ಬೇಕು. ಹಾಗಾಗಿ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಹೊಸ ಟ್ರ್ಯಾಕ್ಟರ್ ಕೊಂಡವರು ಚಾಲಕನ ತಲೆಯ ಮೇಲೆ ನೆರಳಿನ ಹುಡ್ ಹಾಕಿಸಿದ ಬಳಿಕ ಯೋಚಿಸುವುದೇ ಟೇಪು, ಆಂಪ್ಲಿಫೈಯರ್, ಬಾಕ್ಸುಗಳ ಬಗ್ಗೆ. ಬೊಲೆರೋ, ಥಾರ್ ಇಟ್ಟವರ ಕಥೆಯೂ ಹೆಚ್ಚು ಬೇರೆಯಲ್ಲ. ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಮಾತ್ರ ಎಲ್ಲ ಕಡೆ ಒಂದೇ: ಎಷ್ಟು ವ್ಯಾಟಿಂದು? ಈ ಪ್ರಶ್ನೆಯಿಂದ ಶುರುವಾದ ಖರೀದಿ ಬಹುಪಾಲು ತಪ್ಪು ದಾರಿ ಹಿಡಿಯುತ್ತದೆ ಎಂಬುದು ಈ ಲೇಖನದ ವಾದ. ಮೊದಲು ಕೇಳಬೇಕಾದದ್ದು ನಮ್ಮ ಗಾಡಿಯ ಆಲ್ಟರ್ನೇಟರ್ ಎಷ್ಟು ಆಂಪಿಯರ್ ಕೊಡುತ್ತದೆ, ದೀಪಗಳಿಗೆ ಕೊಟ್ಟ ಮೇಲೆ ಎಷ್ಟು ಉಳಿಯುತ್ತದೆ ಎಂದು. ಉಳಿದದ್ದಕ್ಕೆ ಹೊಂದುವ ಚಿಕ್ಕ ಆಂಪ್ಲಿಫೈಯರ್, ಕಿವಿಯ ಹತ್ತಿರ ಕೂರಿಸಿದ ಒಳ್ಳೆಯ ಸ್ಪೀಕರ್, ದಪ್ಪ ತಾಮ್ರದ ವೈರು, ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸು, ಇಷ್ಟಿದ್ದರೆ ಪೆಟ್ಟಿಗೆಯ ಮೇಲೆ ಮೂರು ಸಾವಿರ ವ್ಯಾಟ್ ಎಂದು ಬರೆದ ಸೆಟ್ಟಿಗಿಂತ ಸ್ಪಷ್ಟವಾದ ಹಾಡು ಕೇಳುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ನೂ ಚಾಲೂ ಆಗುತ್ತದೆ.

ಲೆಕ್ಕ ಹಾಕಿ ನೋಡೋಣ. ನಮ್ಮಲ್ಲಿ ಹೆಚ್ಚಾಗಿ ಓಡುವ ನಲವತ್ತು, ಐವತ್ತು ಎಚ್‌ಪಿಯ ಅನೇಕ ಟ್ರ್ಯಾಕ್ಟರ್‌ಗಳಲ್ಲಿ 12 ವೋಲ್ಟಿನ, 75ರಿಂದ 88 ಆಂಪಿಯರ್-ಅವರ್‌ನ ಬ್ಯಾಟರಿ ಮತ್ತು 36 ಆಂಪಿಯರ್ ಆಸುಪಾಸಿನ ಆಲ್ಟರ್ನೇಟರ್ ಇರುತ್ತದೆ. ಖಚಿತ ಅಂಕಿ ಆಲ್ಟರ್ನೇಟರ್ ಮೈಮೇಲಿನ ಪಟ್ಟಿಯಲ್ಲೋ ಗಾಡಿಯ ಪುಸ್ತಕದಲ್ಲೋ ಸಿಗುತ್ತದೆ. ಅದನ್ನು ನೋಡದೆ ಅಂಗಡಿಗೆ ಹೋಗಬಾರದು. ರಾತ್ರಿ ಕೆಲಸದ ಹೊತ್ತಿನಲ್ಲಿ 55 ವ್ಯಾಟಿನ ಎರಡು ಹೆಡ್‌ಲೈಟುಗಳು ಸುಮಾರು 8 ಆಂಪಿಯರ್ ಎಳೆಯುತ್ತವೆ. ಹಿಂದಿನ ಕೆಲಸದ ದೀಪಕ್ಕೆ ಇನ್ನು 4. ಮೀಟರು, ಹಿಂಬದಿಯ ಕೆಂಪು ದೀಪ, ಇಂಡಿಕೇಟರ್ ಎಲ್ಲ ಸೇರಿ 3 ಎಂದಿಟ್ಟುಕೊಳ್ಳಿ. ಒಟ್ಟು 15 ಹೋದರೆ ಉಳಿಯುವುದು 21. ಅದೂ ಎಂಜಿನ್ ಚೆನ್ನಾಗಿ ಓಡುತ್ತಿರುವಾಗ. ಐಡಲಿಂಗ್‌ನಲ್ಲಿ ನಿಂತಾಗ, ಬೇಸಿಗೆಯ ಬಿಸಿಲಲ್ಲಿ ಆಲ್ಟರ್ನೇಟರ್ ಕಾದಾಗ, ಅದರ ಕೊಡುಗೆ ಇನ್ನೂ ಇಳಿಯುತ್ತದೆ. ಈ 20 ಆಂಪಿಯರ್‌ನಲ್ಲಿ ಏನು ನಡೆದೀತು? ಈಗ ಸುಲಭವಾಗಿ ಸಿಗುವ ಕ್ಲಾಸ್-ಡಿ ಆಂಪ್ಲಿಫೈಯರ್ ತಾನು ಎಳೆದ ವಿದ್ಯುತ್ತಿನ ಶೇ 80ರಷ್ಟನ್ನು ಸ್ಪೀಕರ್‌ಗೆ ಕೊಡುತ್ತದೆ. ನಾಲ್ಕು ಚಾನೆಲ್, ಚಾನೆಲ್‌ಗೆ 50 ವ್ಯಾಟ್ ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಶಕ್ತಿ) ಎಂದರೆ 200 ವ್ಯಾಟ್; ಅದಕ್ಕೆ 250 ವ್ಯಾಟ್ ಒಳಗೆ ಹೋಗಬೇಕು; 13.5 ವೋಲ್ಟಿಗೆ ಸುಮಾರು 18 ಆಂಪಿಯರ್. ಪೂರ್ತಿ ಜೋರಿನಲ್ಲಿಯೂ ಅದು ನಮ್ಮ ಮಿತಿಯೊಳಗಿದೆ, ಮತ್ತು ಹಾಡು ಎಂದೂ ಪೂರ್ತಿ ಜೋರಿನಲ್ಲೇ ನಿಲ್ಲುವುದಿಲ್ಲವಾದ್ದರಿಂದ ಸರಾಸರಿ ಎಳೆತ ಇದರ ಮೂರನೇ ಒಂದರಷ್ಟು. ಅದೇ ನಿಜವಾಗಿಯೂ 1000 ವ್ಯಾಟ್ ಆರ್‌ಎಂಎಸ್ ಕೊಡುವ ಆಂಪ್ಲಿಫೈಯರ್ 90 ಆಂಪಿಯರ್‌ಗೂ ಮೇಲೆ ಬೇಡುತ್ತದೆ. ಅದರ ಸರಾಸರಿಯೇ 30 ಆಂಪಿಯರ್. ಕೊರತೆ ಬಿದ್ದದ್ದನ್ನು ಬ್ಯಾಟರಿ ತುಂಬಿಕೊಡುತ್ತದೆ, ತಾನು ಬರಿದಾಗುತ್ತದೆ. ದುಬಾರಿ ಬ್ಯಾಟರಿ ಎರಡು ಹಂಗಾಮಿಗೇ ಕೈಕೊಟ್ಟಿತೆಂದು ದೂರುವವರು ಕಂಪನಿಯನ್ನು ಬೈಯುವ ಮುನ್ನ ಈ ಕೂಡು-ಕಳೆ ಮಾಡಿ ನೋಡಬೇಕು.

ಹಾಗಾದರೆ ಪೆಟ್ಟಿಗೆಯ ಮೇಲಿನ ಮೂರು ಸಾವಿರ ವ್ಯಾಟ್ ಎಲ್ಲಿಂದ ಬಂತು? ಪಿಎಂಪಿಒ ಎಂಬ ಹೆಸರಿನಲ್ಲಿ ಬರೆಯುವ ಅಂಕಿಗೆ ಯಾವ ಅಳತೆಯ ಕಟ್ಟುಪಾಡೂ ಇಲ್ಲ. ಕ್ಷಣದ ಸಾವಿರದಲ್ಲೊಂದು ಭಾಗದಲ್ಲಿ ಚಿಮ್ಮಬಹುದಾದ ಶಕ್ತಿಯನ್ನು ಎಲ್ಲ ಚಾನೆಲ್‌ಗಳಿಗೂ ಸೇರಿಸಿ ಹಿಗ್ಗಿಸಿ ಬರೆಯುತ್ತಾರೆ. ಲೆಕ್ಕಕ್ಕೆ ಬರುವುದು ಆರ್‌ಎಂಎಸ್ ಒಂದೇ. ಅದೂ ಬರೆದಿರದಿದ್ದರೆ ಆಂಪ್ಲಿಫೈಯರ್‌ನ ಪಕ್ಕದಲ್ಲಿ ಕಾಣುವ ಫ್ಯೂಸ್ ನೋಡಿ. 20 ಆಂಪಿಯರ್‌ನ ಒಂದೇ ಫ್ಯೂಸ್ ಇದ್ದರೆ ಅದರೊಳಕ್ಕೆ ಹೆಚ್ಚೆಂದರೆ 270 ವ್ಯಾಟ್ ಹೋದೀತು. ಹಳೆಯ ಕ್ಲಾಸ್-ಎಬಿ ಮಾದರಿಯದಾದರೆ ಹೊರಗೆ ಬರುವುದು 160ರ ಸುತ್ತಮುತ್ತ. ಪೆಟ್ಟಿಗೆ ಏನೇ ಹೇಳಲಿ, ಫ್ಯೂಸ್ ಸುಳ್ಳು ಹೇಳುವುದಿಲ್ಲ. ಟೇಪಿನ ಮುಖದ ಮೇಲಿರುವ ‘50 ವ್ಯಾಟ್ × 4’ ಎಂಬುದನ್ನೂ ಹೀಗೇ ಪರೀಕ್ಷಿಸಬಹುದು. ಒಳಗೆ ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇಲ್ಲದ ಸಾಮಾನ್ಯ ಟೇಪಿಗೆ ಸಿಗುವುದು ಹೆಚ್ಚೆಂದರೆ 14.4 ವೋಲ್ಟ್. ಅಷ್ಟರಲ್ಲಿ 4 ಓಂ ಸ್ಪೀಕರ್‌ಗೆ ಒಡಕಿಲ್ಲದೆ ಕೊಡಬಹುದಾದ ಶಕ್ತಿ, ಯಾವ ನಷ್ಟವನ್ನೂ ಹಿಡಿಯದೆ ಲೆಕ್ಕ ಹಾಕಿದರೂ, 26 ವ್ಯಾಟ್ ದಾಟದು. ಟೇಪಿನಲ್ಲಿ ಜೋರು ಮಾಡಿದಾಗ ಹಾಡು ಕರ್ಕಶವಾಗುವುದು ಇದರಿಂದಲೇ: ಕೈಲಾಗದ ಶಕ್ತಿಯನ್ನು ಕೇಳಿದಾಗ ಅದು ಸದ್ದಿನ ಅಲೆಯ ನೆತ್ತಿಯನ್ನು ಕತ್ತರಿಸುತ್ತದೆ. ಚಿಕ್ಕ ಟ್ವೀಟರ್‌ಗಳು ಸುಡುವುದೂ ಬಹುಪಾಲು ಇಂಥ ಕತ್ತರಿಸಿದ ಸದ್ದಿನಿಂದ. ಆದ್ದರಿಂದ ಆಂಪ್ಲಿಫೈಯರ್ ಬೇಕೆನ್ನುವವರ ಬಯಕೆ ನ್ಯಾಯವಾದದ್ದೇ. ಎಷ್ಟು ದೊಡ್ಡದು ಎಂಬಲ್ಲಿ ಮಾತ್ರ ತಕರಾರು.

ಇಲ್ಲಿ ಬರುವ ಮೊದಲ ಆಕ್ಷೇಪಣೆ ಗಟ್ಟಿಯಾದದ್ದು. ಕಾರಿನಲ್ಲಿ ಗಾಜು ಏರಿಸಿ ಕೂತವರಿಗೆ 50 ವ್ಯಾಟ್ ಸಾಕು, ಡೀಸೆಲ್ ಎಂಜಿನ್ನಿನ ಹಿಂದೆ ಬಯಲಲ್ಲಿ ಕೂತವನಿಗೆ ಎಲ್ಲಿ ಸಾಲುತ್ತದೆ ಎನ್ನುತ್ತಾರೆ. ಎಂಜಿನ್ನಿನ ಸದ್ದು ಯಾವ ಸ್ತರದಲ್ಲಿದೆ ಎಂಬುದನ್ನು ನೋಡಿದರೆ ಉತ್ತರ ಅಲ್ಲೇ ಸಿಗುತ್ತದೆ. ಮೂರು ಸಿಲಿಂಡರಿನ ಎಂಜಿನ್ 1800 ಆರ್‌ಪಿಎಂನಲ್ಲಿ ಸೆಕೆಂಡಿಗೆ 45 ಸಲ ಉರಿಯುತ್ತದೆ. ನಾಲ್ಕು ಸಿಲಿಂಡರಿನದು 2000ದಲ್ಲಿ ಸುಮಾರು 67 ಸಲ. ಅಂದರೆ ಎಂಜಿನ್ನಿನ ಗುಡುಗು 45ರಿಂದ 67 ಹರ್ಟ್ಸ್‌ನಲ್ಲಿ ಬೇರೂರಿದೆ, ಅದರ ಮರಿ ಸ್ತರಗಳು ಕೆಲವು ನೂರು ಹರ್ಟ್ಸ್‌ವರೆಗೂ ಹಬ್ಬುತ್ತವೆ. ನಾವು ಸಬ್‌ವೂಫರ್‌ನಿಂದ ಹೊರಡಿಸಲು ಹೆಣಗುವ ಬೇಸ್ ಇರುವುದೂ ಅದೇ ಜಾಗದಲ್ಲಿ. ಜೊತೆಗೆ, ಮುಚ್ಚಿದ ಕಾರಿನ ಒಳಗೋಡೆಗಳು ಬೇಸನ್ನು ಹಿಡಿದಿಟ್ಟು ಹೆಚ್ಚಿಸುತ್ತವೆ. ತೆರೆದ ಟ್ರ್ಯಾಕ್ಟರ್‌ನಲ್ಲಿ ಆ ಸಹಾಯವಿಲ್ಲ, ಬೇಸ್ ಹೊಲದ ತುಂಬ ಹರಡಿ ಹೋಗುತ್ತದೆ. ಹಾಗಾಗಿ ಓಡುವ ಟ್ರ್ಯಾಕ್ಟರ್‌ನಲ್ಲಿ ಬೇಸ್‌ಗೆಂದು ಸುರಿದ ವ್ಯಾಟೆಲ್ಲ ಎಂಜಿನ್ನಿನೊಡನೆ ಗುದ್ದಾಡಿ ಸೋಲುತ್ತದೆ. ಮನುಷ್ಯರ ಮಾತಿನ ತಿರುಳು ಮಾತ್ರ 300ರಿಂದ 3400 ಹರ್ಟ್ಸ್ ನಡುವೆ ಇದೆ. ಹಳೆಯ ದೂರವಾಣಿಗಳು ಅಷ್ಟನ್ನೇ ಸಾಗಿಸಿ ದನಿ ಗುರುತಿಸುವಂತೆ ಮಾಡುತ್ತಿದ್ದವು. ಭಜನೆ, ತತ್ವಪದ, ಜಾನಪದ ಹಾಡು, ಬಯಲಾಟದ ಮಾತು, ಯಾವುದೇ ಇರಲಿ, ಕೇಳುಗನಿಗೆ ಮುಖ್ಯವಾದದ್ದು ಈ ನಡುಸ್ತರದಲ್ಲಿದೆ. ಎಂಜಿನ್ನಿನ ಗದ್ದಲ ಮೇಲಕ್ಕೆ ಹೋದಂತೆ ತೆಳುವಾಗುತ್ತದೆ. ಸ್ಪೀಕರ್ ಗೆಲ್ಲಬಹುದಾದ ಜಾಗ ಅದು.

ಆ ನಡುಸ್ತರವನ್ನು ವ್ಯಾಟ್ ಹೆಚ್ಚಿಸದೆ ಗೆಲ್ಲಲು ಎರಡು ದಾರಿಗಳಿವೆ. ಮೊದಲನೆಯದು ಸ್ಪೀಕರ್‌ನ ಸೆನ್ಸಿಟಿವಿಟಿ: ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬ ಅಳತೆ. ಸಾಧಾರಣ ಆರು ಇಂಚಿನ ಕೊಆಕ್ಸಿಯಲ್ ಸ್ಪೀಕರ್‌ನಲ್ಲಿ ಇದು 88, 90ರ ಆಸುಪಾಸು. ಜೋರು ಸದ್ದಿಗೆಂದೇ ಮಾಡಿದ ಮಿಡ್‌ರೇಂಜ್ ಸ್ಪೀಕರ್‌ಗಳಲ್ಲಿ 94, 96ರವರೆಗೆ. ಪ್ರತಿ 3 ಡೆಸಿಬೆಲ್ ಎಂದರೆ ವ್ಯಾಟ್ ದುಪ್ಪಟ್ಟು ಮಾಡಿದಷ್ಟು. 6 ಡೆಸಿಬೆಲ್ ಹೆಚ್ಚು ಸೆನ್ಸಿಟಿವಿಟಿಯ ಸ್ಪೀಕರ್ ಕೊಂಡವರು ನಾಲ್ಕು ಪಟ್ಟು ದೊಡ್ಡ ಆಂಪ್ಲಿಫೈಯರ್ ಕೊಂಡಂತೆಯೇ ಆಯಿತು, ಬ್ಯಾಟರಿಗೆ ಒಂದು ಆಂಪಿಯರ್ ಹೊರೆಯೂ ಏರದೆ. ಎರಡನೆಯದು ದೂರ. ಬಯಲಲ್ಲಿ ಸ್ಪೀಕರ್‌ನಿಂದ ಕಿವಿಗಿರುವ ದೂರ ಅರ್ಧವಾದರೆ ಸದ್ದು ಮತ್ತೆ 6 ಡೆಸಿಬೆಲ್ ಏರುತ್ತದೆ. ಮಡ್‌ಗಾರ್ಡ್ ಮೇಲೆ ಹಿಂದಕ್ಕೆ ಮುಖ ಮಾಡಿ ಕೂರಿಸಿದ ಬಾಕ್ಸು ಚಾಲಕನ ಕಿವಿಯಿಂದ ಒಂದು ಮೀಟರ್ ದೂರ ಇದ್ದೀತು, ಮುಖವೂ ಬೇರೆ ಕಡೆ. ಅದನ್ನೇ ಹುಡ್‌ನ ಒಳಮೈಯಲ್ಲಿ, ತಲೆಯ ಎರಡೂ ಬದಿಗೆ, ಕಿವಿಯ ಕಡೆ ಓರೆಯಾಗಿ ಅರ್ಧ ಮೀಟರಿನಲ್ಲಿ ಕೂರಿಸಿದರೆ? ಸೆನ್ಸಿಟಿವಿಟಿ, ದೂರ ಎರಡೂ ಸೇರಿ 12 ಡೆಸಿಬೆಲ್, ಅಂದರೆ ಹದಿನಾರು ಪಟ್ಟು ಶಕ್ತಿ. 20 ವ್ಯಾಟಿಗೆ 320 ವ್ಯಾಟಿನ ಕೆಲಸ. ಮಹೀಂದ್ರಾದವರು 2020ರಲ್ಲಿ ತಂದ ಹೊಸ ಥಾರ್‌ನಲ್ಲಿ ಸ್ಪೀಕರ್‌ಗಳನ್ನು ಚಾವಣಿಯಲ್ಲೇ ಕೂರಿಸಿದ್ದಾರೆ. ಕೆಸರು, ನೀರು, ಒದೆತಗಳಿಂದ ದೂರ, ಕಿವಿಗೆ ಹತ್ತಿರ. ಟ್ರ್ಯಾಕ್ಟರ್ ಹುಡ್‌ಗೂ ಅದೇ ತರ್ಕ ಒಪ್ಪುತ್ತದೆ. ಹುಡ್ ಫೈಬರ್‌ನದಾದರೆ ನೇರವಾಗಿ ಅದಕ್ಕೇ ತೂತು ಕೊರೆದು ಭಾರ ಹಾಕಬೇಡಿ. ಕಂಪನಕ್ಕೆ ಬಿರುಕು ಬಿಡುತ್ತದೆ. ಕಬ್ಬಿಣದ ಕೋನಪಟ್ಟಿಯನ್ನು ಹುಡ್‌ನ ಚೌಕಟ್ಟಿಗೆ ಬೋಲ್ಟ್ ಮಾಡಿ ಸ್ಪೀಕರ್ ಪೆಟ್ಟಿಗೆಯನ್ನು ಅದಕ್ಕೆ ಕಟ್ಟಬೇಕು. ನಡುವೆ ರಬ್ಬರ್ ವಾಷರ್, ಸಡಿಲಾಗದ ನೈಲಾಕ್ ನಟ್.

ಸ್ಪೀಕರ್ ಆಯ್ಕೆಯಲ್ಲಿ ನಮ್ಮ ಮಣ್ಣಿನ ಗುಣವನ್ನೂ ಗಮನಿಸಬೇಕು. ಎರೆಮಣ್ಣು ಒಣಗಿದಾಗ ಹಿಟ್ಟಿನಂತೆ ಏಳುತ್ತದೆ, ಒದ್ದೆಯಾದಾಗ ಮೆತ್ತಿಕೊಂಡರೆ ಬಿಡುವುದಿಲ್ಲ. ಸಿಂಧನೂರಿನ ಗದ್ದೆಯಲ್ಲಿ ನೀರು ಎರಚುತ್ತದೆ. ಮಸ್ಕಿ, ಲಿಂಗಸುಗೂರಿನ ಒಣ ಹೊಲಗಳಲ್ಲಿ ರೋಟವೇಟರ್ ಹಿಂದೆ ಧೂಳಿನ ಮೋಡವೇ ಏಳುತ್ತದೆ, ಕಲ್ಲು ಮರಡಿಯ ನೆಲದಲ್ಲಿ ಕುಲುಕಾಟ ಬೇರೆ. ಕಾಗದದ ಕೋನ್ ಇರುವ ಸ್ಪೀಕರ್ ಈ ಎರಡರಲ್ಲೂ ಬಾಳುವುದಿಲ್ಲ. ಪಾಲಿಪ್ರೊಪಿಲೀನ್ ಕೋನ್, ರಬ್ಬರ್ ಅಂಚು, ಮುಂದೆ ಬಿಗಿಯಾದ ಜಾಲರಿ ಇರುವುದನ್ನು ನೋಡಿ. ದೋಣಿಗಳಿಗೆಂದು ತಯಾರಾಗುವ ಮೆರೀನ್ ಸ್ಪೀಕರ್‌ಗಳು ಈಗ ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತವೆ. ಐಪಿ65 ಎಂದಿದ್ದರೆ ಧೂಳು ಒಳಹೋಗದು, ಪೈಪಿನಿಂದ ಚಿಮ್ಮಿದ ನೀರನ್ನೂ ತಡೆಯುತ್ತದೆ ಎಂದರ್ಥ. ಆದರೆ ಸರ್ವೀಸ್ ಅಂಗಡಿಯ ಪ್ರೆಷರ್ ಗನ್ನಿಗೆ ಐಪಿ65 ಕೂಡ ಉತ್ತರವಲ್ಲ. ಗಾಡಿ ತೊಳೆಸುವಾಗ ಹುಡ್‌ನ ಒಳಗೆ ಗನ್ ತಿರುಗಿಸಬೇಡಿ ಎಂದು ಹುಡುಗರಿಗೆ ಮೊದಲೇ ಹೇಳಬೇಕು.

ಈಗ ವೈರಿಗೆ ಬರೋಣ. ಹಣ ಉಳಿಸಲು ಎಲ್ಲರೂ ಕೈಹಾಕುವ ಜಾಗ ಇದು, ಅತಿ ಹೆಚ್ಚು ಕೆಡುವ ಜಾಗವೂ ಇದೇ. ಬ್ಯಾಟರಿಯಿಂದ ಹುಡ್‌ನ ಹಿಂಭಾಗಕ್ಕೆ ಹಾದಿ ಹಿಡಿದು ಹೋದರೆ ವೈರ್ ಸುಮಾರು 4 ಮೀಟರ್, ಮರಳಿ ಬರುವ ನೆಗೆಟಿವ್ ಸೇರಿ 8. ಮನೆ ವೈರಿಂಗ್‌ನಲ್ಲಿ ಉಳಿದ 2.5 ಸ್ಕ್ವೇರ್ ಎಂಎಂ ವೈರನ್ನು ಎಳೆದರೆ 20 ಆಂಪಿಯರ್ ಹರಿಯುವಾಗ 1.1 ವೋಲ್ಟ್ ದಾರಿಯಲ್ಲೇ ಕಳೆಯುತ್ತದೆ, ವೈರಿನೊಳಗೆ 22 ವ್ಯಾಟ್ ಬರೀ ಬಿಸಿಯಾಗುತ್ತದೆ. ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ನೀರು ತಲುಪದ ಕಷ್ಟ ಇಲ್ಲಿಯವರಿಗೆ ಹೊಸದಲ್ಲ. ವೈರಿನಲ್ಲೂ ಹಾಗೆಯೇ: ಮೇಲ್ಭಾಗದಲ್ಲಿ ತುಂಬಿ ಹರಿದರೂ ತುದಿಯ ಆಂಪ್ಲಿಫೈಯರ್‌ಗೆ ಸಿಗುವುದು ಉಳಿದಷ್ಟೇ. 10 ಸ್ಕ್ವೇರ್ ಎಂಎಂ ತಾಮ್ರ ಹಾಕಿದರೆ ಅದೇ ಹೊರೆಯಲ್ಲಿ ನಷ್ಟ 0.28 ವೋಲ್ಟಿಗೆ ಇಳಿಯುತ್ತದೆ. ‘ಆಂಪ್ಲಿಫೈಯರ್ ಕಿಟ್’ ಎಂದು ಅಗ್ಗಕ್ಕೆ ಬರುವ ದಪ್ಪ ವೈರುಗಳಲ್ಲಿ ಬಹಳಷ್ಟು ಅಲ್ಯೂಮಿನಿಯಂ ಎಳೆಗೆ ತಾಮ್ರ ಲೇಪಿಸಿದವು. ಅವು ಒಯ್ಯುವುದು ಶುದ್ಧ ತಾಮ್ರದ ಮೂರನೇ ಎರಡರಷ್ಟು ಮಾತ್ರ, ತೇವ ತಗುಲಿದರೆ ತುದಿಗಳು ಬೇಗ ಹುಡಿಯಾಗುತ್ತವೆ, ಕುಲುಕಾಟಕ್ಕೆ ಎಳೆ ಮುರಿಯುತ್ತವೆ. ಚಾಕುವಿನಿಂದ ಎಳೆಯೊಂದನ್ನು ಕೆರೆದು ನೋಡಿ. ಒಳಗೆ ಬಿಳುಪು ಕಂಡರೆ ತಾಮ್ರವಲ್ಲ. ವೈರಿಗೆ ಇಷ್ಟೊಂದು ಖರ್ಚೇ ಎನ್ನುವವರಿಗೆ ನನ್ನ ಸಲಹೆ: ಹತ್ತು ರೂಪಾಯಿ ಇಟ್ಟುಕೊಂಡು ಹೊರಟಿದ್ದರೆ ನಾಲ್ಕು ಸ್ಪೀಕರ್‌ಗೆ, ಮೂರು ಆಂಪ್ಲಿಫೈಯರ್‌ಗೆ, ಉಳಿದ ಮೂರು ವೈರು, ಫ್ಯೂಸು, ಲಗ್ಗು, ಕೊಳವೆ, ಕೂಲಿಗೆ ಇಡಿ. ಅಷ್ಟಕ್ಕೆ ಹೊಂದದ ಆಂಪ್ಲಿಫೈಯರ್ ಇದ್ದರೆ ಅದನ್ನೇ ಚಿಕ್ಕದು ಮಾಡಿ.

ಫ್ಯೂಸ್ ವಿಷಯದಲ್ಲಿ ರಾಜಿ ಬೇಡವೇ ಬೇಡ. ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಮೊಳದೊಳಗೆ ಮುಖ್ಯ ಫ್ಯೂಸ್ ಇರಬೇಕು. ಆಂಪ್ಲಿಫೈಯರ್ ಒಳಗೇ ಫ್ಯೂಸ್ ಇದೆಯಲ್ಲ ಎಂಬ ಮಾತು ಆಗಾಗ ಕೇಳುತ್ತದೆ. ಆ ಫ್ಯೂಸ್ ಕಾಯುವುದು ಆಂಪ್ಲಿಫೈಯರನ್ನು. ಬ್ಯಾಟರಿಯಿಂದ ಅಲ್ಲಿಯವರೆಗಿನ ನಾಲ್ಕು ಮೀಟರ್ ವೈರನ್ನು ಕಾಯುವವರು ಯಾರು? ಎಂಜಿನ್ನಿನ ಕಂಪನಕ್ಕೆ ಕಬ್ಬಿಣದ ಅಂಚಿಗೆ ಉಜ್ಜಿ ವೈರಿನ ಹೊದಿಕೆ ಹರಿಯಬಹುದು, ಸೈಲೆನ್ಸರ್ ಬಿಸಿಗೆ ಕರಗಬಹುದು, ಭತ್ತದ ನಾಡಿನಲ್ಲಿ ಇಲಿಗಳಿಗಂತೂ ಬರವಿಲ್ಲ. ಹರಿದ ವೈರ್ ಚಾಸಿಗೆ ತಗುಲಿದ ಕ್ಷಣ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ; ತೆಳು ವೈರು ಸೆಕೆಂಡುಗಳಲ್ಲಿ ಕೆಂಪಗಾಗುತ್ತದೆ. ಪಕ್ಕದಲ್ಲಿ ಡೀಸೆಲ್ ಪೈಪು, ಹಿಂದೆ ಟ್ರಾಲಿಯ ತುಂಬ ಒಣ ಹುಲ್ಲು. ಇಷ್ಟು ವರ್ಷ ಫ್ಯೂಸಿಲ್ಲದೆ ಓಡಿಸಿದೆವು, ಏನೂ ಆಗಲಿಲ್ಲ ಎಂಬುದು ಇದಕ್ಕೆ ಉತ್ತರವಾಗದು, ಏಕೆಂದರೆ ಹೊದಿಕೆ ಹರಿಯುವ ತನಕ ಫ್ಯೂಸ್ ಇದ್ದ ಗಾಡಿಗೂ ಇಲ್ಲದ ಗಾಡಿಗೂ ವ್ಯತ್ಯಾಸವೇ ಕಾಣುವುದಿಲ್ಲ, ಹರಿದ ದಿನ ಕಾಣುವ ವ್ಯತ್ಯಾಸಕ್ಕೆ ಗಾಡಿಯ ಬೆಲೆ ತೆರಬೇಕಾಗುತ್ತದೆ. ಮೇಲೆ ಹೇಳಿದ 200 ವ್ಯಾಟಿನ ವ್ಯವಸ್ಥೆಗೆ 10 ಸ್ಕ್ವೇರ್ ವೈರು, 30 ಆಂಪಿಯರ್ ಫ್ಯೂಸು ಸರಿಹೊಂದುತ್ತದೆ. ಅದು ಪದೇ ಪದೇ ಹಾರುತ್ತಿದ್ದರೆ ಎಲ್ಲೋ ದೋಷವಿದೆ ಎಂದರ್ಥ. 60ರದ್ದನ್ನೋ ತಾಮ್ರದ ಎಳೆಯನ್ನೋ ಸುತ್ತಿ ಅದರ ಬಾಯಿ ಮುಚ್ಚಿಸಬಾರದು. ವೈರ್ ಉದ್ದಕ್ಕೂ ಸುಕ್ಕುಗಟ್ಟಿದ ಪ್ಲಾಸ್ಟಿಕ್ ಕೊಳವೆ ಹಾಕಿ, ತಗಡಿನ ತೂತು ದಾಟುವಲ್ಲೆಲ್ಲ ರಬ್ಬರ್ ಗ್ರೊಮೆಟ್ ಕೂರಿಸಿ, ಗೇಣಿಗೊಂದು ಕಟ್ಟು ಬಿಗಿಯಿರಿ. ತುದಿಗಳಿಗೆ ಲಗ್ ಒತ್ತಿಸಬೇಕು. ಕೈಯಿಂದ ಹೊಸೆದು ಟೇಪ್ ಸುತ್ತಿದ ಜೋಡಣೆ ಒಂದು ಕೆಸರು ಹಂಗಾಮನ್ನೂ ತಡೆಯುವುದಿಲ್ಲ.

ನೆಗೆಟಿವ್ ಅನ್ನು ಹತ್ತಿರದ ಯಾವುದೋ ಬೋಲ್ಟಿಗೆ ಸಿಕ್ಕಿಸುವ ರೂಢಿಯಿದೆ. ಹುಡ್‌ನ ಚೌಕಟ್ಟು ಬಣ್ಣ ಬಳಿದ ಬೋಲ್ಟುಗಳ ಮೂಲಕ ಗಾಡಿಗೆ ಸೇರಿರುವುದರಿಂದ ಆ ದಾರಿ ನಂಬಿಕೆಗೆ ಅರ್ಹವಲ್ಲ. ಅದೇ ದಪ್ಪದ ಇನ್ನೊಂದು ವೈರನ್ನು ಬ್ಯಾಟರಿಯ ನೆಗೆಟಿವ್‌ಗೇ ತಂದರೆ ಖರ್ಚು ಸ್ವಲ್ಪ ಹೆಚ್ಚಾದರೂ ತಲೆನೋವು ಕಡಿಮೆ. ಎಕ್ಸಿಲೇಟರ್ ಒತ್ತಿದಂತೆ ಏರುವ ‘ಕುಂಯ್’ ಎಂಬ ಸದ್ದು ಸ್ಪೀಕರ್‌ನಲ್ಲಿ ಬರುವುದು ಬಹುಪಾಲು ಟೇಪಿನ ಅರ್ತ್ ಒಂದು ಕಡೆ, ಆಂಪ್ಲಿಫೈಯರ್‌ನ ಅರ್ತ್ ಇನ್ನೊಂದು ಕಡೆ ಇರುವುದರಿಂದ. ಎರಡನ್ನೂ ಒಂದೇ ಬಿಂದುವಿಗೆ ತನ್ನಿ, ಹಾಡು ಒಯ್ಯುವ ಆರ್‌ಸಿಎ ವೈರನ್ನು ಬ್ಯಾಟರಿ ವೈರಿನಿಂದ ದೂರ, ಇನ್ನೊಂದು ಬದಿಯಿಂದ ಎಳೆಯಿರಿ. ಆಂಪ್ಲಿಫೈಯರ್ ಚಾಲೂ ಮಾಡುವ ನೀಲಿ ರಿಮೋಟ್ ವೈರನ್ನು ಟೇಪಿಗೆ ಜೋಡಿಸಿ, ಟೇಪಿನ ಕರೆಂಟನ್ನು ಕೀಲಿ ತಿರುಗಿಸಿದಾಗ ಮಾತ್ರ ಬರುವ ಕಡೆಯಿಂದ ಕೊಡಿ. ನೇರ ಬ್ಯಾಟರಿಗೆ ಕೊಟ್ಟರೆ ರಾತ್ರಿಯೆಲ್ಲ ಆಂಪ್ಲಿಫೈಯರ್ ಎಚ್ಚರವಿದ್ದು ಬ್ಯಾಟರಿ ಹೀರುತ್ತಿರುತ್ತದೆ. ಆಂಪ್ಲಿಫೈಯರ್ ಕೂರಿಸಲು ಸೀಟಿನ ಹಿಂದೆ ಹುಡ್ ಕಂಬಗಳ ನಡುವಿನ ಎತ್ತರದ ಜಾಗ ಒಳ್ಳೆಯದು. ತಗಡಿನ ಪೆಟ್ಟಿಗೆಯಲ್ಲಿಟ್ಟರೆ ಗಾಳಿಕಂಡಿ ಕೆಳಮುಖವಾಗಿರಲಿ, ಶಾಖ ಬಿಡುವ ರೆಕ್ಕೆಗಳು ಲಂಬವಾಗಿರಲಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ನೆರಳೇ 40 ಡಿಗ್ರಿ ದಾಟುತ್ತದೆ. ಕ್ಲಾಸ್-ಡಿ ಆರಿಸಿದ್ದರ ಲಾಭ ಆಗ ತಿಳಿಯುತ್ತದೆ, ಅದು ಬಿಸಿ ಮಾಡುವುದೇ ಕಡಿಮೆ. ಜೀಪು, ಬೊಲೆರೋಗಳಲ್ಲಿ ಸೀಟಿನಡಿ ಜಾಗವಿದ್ದರೂ ಹಳ್ಳ ದಾಟುವ ಗಾಡಿಯಾದರೆ ನೆಲಕ್ಕೆ ಅಂಟಿಸದೆ ನಾಲ್ಕು ಬೆರಳು ಮೇಲಕ್ಕೆತ್ತಿ ಕೂರಿಸಿ.

ಎಲ್ಲ ಜೋಡಿಸಿದ ಮೇಲೆ ಆಂಪ್ಲಿಫೈಯರ್‌ನ ಗೇನ್ ತಿರುಪು ಹೊಂದಿಸುವ ಕೆಲಸ. ಅದನ್ನು ವಾಲ್ಯೂಮ್ ಎಂದೇ ತಿಳಿದು ತುದಿಗೆ ತಿರುಗಿಸುವುದೇ ಸ್ಪೀಕರ್‌ಗಳನ್ನು ಕೊಲ್ಲುವ ದೊಡ್ಡ ಕಾರಣ. ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಸಾಕು. ಸ್ಪೀಕರ್ ವೈರು ಕಳಚಿ, ಆಂಪ್ಲಿಫೈಯರ್‌ನ ಫಿಲ್ಟರ್, ಟೇಪಿನ ಬೇಸ್-ಟ್ರೆಬಲ್ ಎಲ್ಲ ಸೊನ್ನೆಗೆ ತಂದು, ಮೊಬೈಲಿನಿಂದ 100 ಹರ್ಟ್ಸ್‌ನ ಒಂದೇ ಸಮನಾದ ಸದ್ದನ್ನು ನುಡಿಸಿ. ಟೇಪಿನ ವಾಲ್ಯೂಮ್ ಮುಕ್ಕಾಲು ಭಾಗಕ್ಕೆ ಇಡಿ. ಆಂಪ್ಲಿಫೈಯರ್‌ನ ಸ್ಪೀಕರ್ ತುದಿಯಲ್ಲಿ ಎಸಿ ವೋಲ್ಟ್ ಅಳೆಯುತ್ತ ಗೇನ್ ನಿಧಾನಕ್ಕೆ ಏರಿಸಿ. 4 ಓಂ ಸ್ಪೀಕರ್‌ಗೆ 50 ವ್ಯಾಟ್ ಎಂದರೆ 14 ವೋಲ್ಟ್; ಅಷ್ಟಕ್ಕೆ ಬಂದಾಗ ನಿಲ್ಲಿಸಿ, ಮುಂದೆ ಯಾರು ಹೇಳಿದರೂ ಆ ತಿರುಪು ಮುಟ್ಟಬೇಡಿ. ಬಳಿಕ ಹೈಪಾಸ್ ಫಿಲ್ಟರನ್ನು 100ರಿಂದ 120 ಹರ್ಟ್ಸ್‌ಗೆ ಇಡಿ. ಬೇಸ್ ಕತ್ತರಿಸಿ ಹೋಗುತ್ತದಲ್ಲ ಎಂದು ಬೇಸರಪಡುವವರಿಗೆ ಮೊದಲೇ ಉತ್ತರ ಕೊಟ್ಟಾಗಿದೆ: ಓಡುವ ಗಾಡಿಯಲ್ಲಿ ಆ ಬೇಸ್ ಹೇಗೂ ಕೇಳುವುದಿಲ್ಲ. ಆದರೆ ಆರು ಇಂಚಿನ ಕೋನ್ ಅದನ್ನು ನುಡಿಸಲು ಒದ್ದಾಡುವುದು ತಪ್ಪಿದರೆ ನಡುಸ್ತರದ ಹಾಡು ತಿಳಿಯಾಗುತ್ತದೆ.

ಇನ್ನೊಂದು ಆಕ್ಷೇಪಣೆ ಜಾತ್ರೆಯದು. ಅಂಬಾಮಠದ ಜಾತ್ರೆಗೋ, ಗುರುಗುಂಟಾದ ಅಮರೇಶ್ವರನ ತೇರಿಗೋ, ಮುದಗಲ್ಲಿನ ಮೊಹರಂಗೋ ಗಾಡಿ ಕಟ್ಟಿಕೊಂಡು ಹೋದಾಗ ನಿಲ್ಲಿಸಿದ ಟ್ರ್ಯಾಕ್ಟರ್‌ನಲ್ಲಿ ಹಾಡು ಹಾಕಬೇಕು, ಆಗ ಎಂಜಿನ್ ಸದ್ದಿಲ್ಲ, ಬೇಸ್ ಬೇಕು ಎನ್ನುತ್ತಾರೆ. ಒಪ್ಪತಕ್ಕದ್ದೇ. ಆದರೆ ಎಂಜಿನ್ ನಿಂತಾಗ ಇಡೀ ಹೊರೆ ಬ್ಯಾಟರಿಯದು. 75 ಆಂಪಿಯರ್-ಅವರ್ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿದರೆ ಸೆಲ್ಫ್ ಎಳೆಯುವುದೂ ಕಷ್ಟ, ಬ್ಯಾಟರಿಯ ಆಯುಸ್ಸೂ ಕುಗ್ಗುತ್ತದೆ. ಬಳಸಲು ಸಿಗುವುದು 37. ಸರಾಸರಿ 6 ಆಂಪಿಯರ್ ಎಳೆಯುವ ಚಿಕ್ಕ ವ್ಯವಸ್ಥೆ ಐದಾರು ತಾಸು ನಡೆಸುತ್ತದೆ. 30 ಎಳೆಯುವ ದೊಡ್ಡದು ಒಂದು ತಾಸು ಮುಗಿಯುವ ಮೊದಲೇ ಕೈಚೆಲ್ಲುತ್ತದೆ, ಹೆಚ್ಚು ಆಂಪಿಯರ್ ಎಳೆದಷ್ಟೂ ಬ್ಯಾಟರಿ ಕೊಡುವ ಒಟ್ಟು ಮೊತ್ತವೂ ಕಡಿಮೆಯಾಗುವುದರಿಂದ. ಇದಕ್ಕೆ ಪರಿಹಾರವೆಂದು ಒಂದು ಫ್ಯಾರಡ್‌ನ ಕ್ಯಾಪಾಸಿಟರ್ ಮಾರುತ್ತಾರೆ. ವೋಲ್ಟೇಜ್ ಒಂದು ವೋಲ್ಟ್ ಇಳಿಯುವಷ್ಟರಲ್ಲಿ ಅದು ಕೊಡಬಲ್ಲದ್ದು 30 ಆಂಪಿಯರ್‌ನಂತೆ ಸೆಕೆಂಡಿನ ಮೂವತ್ತನೇ ಒಂದು ಭಾಗ ಮಾತ್ರ. ಆ ದುಡ್ಡಿಗೆ ದಪ್ಪ ವೈರ್ ಬರುತ್ತದೆ. ಎರಡನೇ ಬ್ಯಾಟರಿ ನಿಜವಾಗಿ ಉಪಯೋಗದ್ದು: ನಡುವೆ ಐಸೊಲೇಟರ್ ರಿಲೇ ಹಾಕಿದರೆ ಹಾಡು ಎರಡನೆಯದನ್ನು ಬರಿದು ಮಾಡಿದರೂ ಸೆಲ್ಫ್‌ಗೆ ಮೊದಲನೆಯದು ಉಳಿದಿರುತ್ತದೆ. ಆದರೆ ಅದನ್ನು ಮತ್ತೆ ತುಂಬಿಸುವುದು ಅದೇ 20 ಆಂಪಿಯರ್‌ನ ಉಳಿಕೆ ಎಂಬುದನ್ನು ಮರೆಯಬಾರದು. ವರ್ಷಕ್ಕೆ ನಾಲ್ಕು ದಿನದ ಜಾತ್ರೆಗೆ ವರ್ಷವಿಡೀ ಗಾಡಿಯ ಮೇಲೆ ಭಾರ ಹೊರಿಸುವುದಕ್ಕಿಂತ ಆ ದಿನಗಳಿಗೆ ಬೇರೆ ಬ್ಯಾಟರಿಯ ಮೇಲೆ ನಡೆಯುವ ಬಾಕ್ಸನ್ನು ಟ್ರಾಲಿಯಲ್ಲಿಟ್ಟುಕೊಂಡು ಹೋಗುವುದು ಮೇಲು.

ಕಿವಿಯ ಮಾತನ್ನು ಬಿಟ್ಟು ಈ ವಿಷಯ ಪೂರ್ತಿಯಾಗದು. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್‌ನಲ್ಲಿ ಚಾಲಕನ ಕಿವಿಯ ಬಳಿ ಸದ್ದು 90 ಡೆಸಿಬೆಲ್ ಆಸುಪಾಸು ಇರುವುದು ಸಾಮಾನ್ಯ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹಾಕಿಕೊಟ್ಟ ಮಿತಿ ದಿನಕ್ಕೆ 8 ತಾಸಿಗೆ 85; ಪ್ರತಿ 3 ಡೆಸಿಬೆಲ್ ಏರಿದಂತೆ ಸಹಿಸಬಹುದಾದ ಹೊತ್ತು ಅರ್ಧವಾಗುತ್ತದೆ. 91ಕ್ಕೆ ಎರಡೇ ತಾಸು, 94ಕ್ಕೆ ಒಂದು. ಎಂಜಿನ್ನಿನ ಮೇಲೆ ಕೇಳಲೆಂದು ಹಾಡನ್ನು 95, 100ಕ್ಕೆ ಏರಿಸಿ ರಾತ್ರಿಯಿಡೀ ದುಡಿಯುವ ಇಪ್ಪತ್ತೈದರ ಹುಡುಗ ನಲವತ್ತಕ್ಕೆ ಮಕ್ಕಳ ಮಾತು ಕೇಳಿಸದವನಾಗಬಹುದು. ನಿದ್ದೆ ತಡೆಯಲು ಹಾಡು ಬೇಕು ಎಂಬ ಅವನ ಮಾತಿನಲ್ಲಿ ಸತ್ಯವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಹಳ್ಳಿಯ ಔಷಧದಂಗಡಿಯಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಪ್ಲಗ್ ಹಾಕಿದರೆ ಹಾಡೇ ಕೇಳದು ಎಂಬ ಅಂಜಿಕೆ ಬೇಡ. ಅದು ಎಂಜಿನ್ ಸದ್ದನ್ನೂ ಹಾಡನ್ನೂ ಒಟ್ಟಿಗೆ ತಗ್ಗಿಸುತ್ತದೆ, ಎರಡರ ನಡುವಿನ ಅಂತರ ಹೆಚ್ಚು ಕೆಡುವುದಿಲ್ಲ, ಹಾಡು ಹಾಗೆಯೇ ಮೇಲೆ ಕೇಳುತ್ತದೆ. ರಸ್ತೆಗೆ ಬಂದಾಗ ಮಾತು ಬೇರೆ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನು ಕೂಡಿಸುವ ರಾಷ್ಟ್ರೀಯ ಹೆದ್ದಾರಿ 150-ಎ ಮೇಲೆ ಭತ್ತದ ಟ್ರಾಲಿ ಎಳೆಯುವಾಗ ಹಿಂದಿನ ಬಸ್ಸಿನ ಹಾರ್ನ್ ಕೇಳಲೇಬೇಕು. ಅಲ್ಲಿ ಹಾಡು ತಗ್ಗಲಿ, ಪ್ಲಗ್ ಕಿವಿಯಿಂದ ಹೊರಬರಲಿ. ಗದ್ದೆಯಲ್ಲಿಯೂ ರೋಟವೇಟರ್ ಹಿಂದೆ ಜನ ಓಡಾಡುವಾಗ ಹಾಡು ನಿಲ್ಲಿಸಿಯೇ ಗಾಡಿ ಹಿಂದಕ್ಕೆ ತೆಗೆಯಬೇಕು. ಕಾನೂನೂ ಸ್ಪಷ್ಟವಾಗಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿಷೇಧ. ಕಿವಿಯ ಹತ್ತಿರ ಕೂರಿಸಿದ ಚಿಕ್ಕ ಸ್ಪೀಕರ್ ಇಲ್ಲಿಯೂ ಅನುಕೂಲ: ಚಾಲಕನಿಗೆ ಬೇಕಾದಷ್ಟು ಕೇಳುತ್ತದೆ, ಊರೊಳಗೆ ಹಾಯುವಾಗ ಹೊರಗೆ ಹೋಗುವುದು ಕಡಿಮೆ.

ಹೊಸ ಗಾಡಿಯಾದರೆ ಕಂಪನಿಯ ವೈರಿಂಗ್ ಎಲ್ಲಿಯೂ ಕತ್ತರಿಸಬೇಡಿ. ವಾರಂಟಿ ಕೇಳಲು ಹೋದಾಗ ಡೀಲರ್‌ಗಳು ಮೊದಲು ತೋರಿಸುವುದೇ ಕತ್ತರಿಸಿದ ವೈರನ್ನು. ಮೇಲೆ ಹೇಳಿದಂತೆ ಬ್ಯಾಟರಿಯಿಂದಲೇ ಬೇರೆ ವೈರ್ ಎಳೆದರೆ ಆ ಪ್ರಸಂಗ ಬರುವುದಿಲ್ಲ. ಅಳವಡಿಸಿದ ದಿನ ಅರ್ಧ ತಾಸು ಜೋರಾಗಿ ಹಾಡು ಹಾಕಿ, ಎಂಜಿನ್ ಓಡುತ್ತಿರುವಾಗ ಬ್ಯಾಟರಿ ತುದಿಯಲ್ಲೂ ಆಂಪ್ಲಿಫೈಯರ್ ತುದಿಯಲ್ಲೂ ಡಿಸಿ ವೋಲ್ಟ್ ಅಳೆಯಿರಿ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಎಲ್ಲೋ ಲಗ್ ಸಡಿಲ ಅಥವಾ ವೈರು ಸಣ್ಣದು. ಫ್ಯೂಸ್ ಹೋಲ್ಡರ್, ಲಗ್ಗುಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಬಿಸಿ ಹತ್ತಿದ್ದರೆ ಅಂದೇ ಬಿಚ್ಚಿ ಮತ್ತೆ ಒತ್ತಿಸಿ. ಎರಡೂ ಬೆಳೆಗಳ ಕೆಸರು ಮುಗಿದ ಮೇಲೆ ಒಮ್ಮೊಮ್ಮೆ ಬ್ಯಾಟರಿ ತುದಿಯ ಹಸಿರು-ಬಿಳಿ ಪುಡಿಯನ್ನು ಬಿಸಿನೀರಿನಿಂದ ತೊಳೆದು ವ್ಯಾಸಲೀನ್ ಹಚ್ಚಿ, ನಟ್‌ಗಳನ್ನು ಬಿಗಿ ಮಾಡಿ, ಕೊಳವೆಯ ಉದ್ದಕ್ಕೂ ಇಲಿಯ ಹಲ್ಲಿನ ಗುರುತು ಇದೆಯೇ ನೋಡಿ. ಹೆಚ್ಚುವರಿ ಫ್ಯೂಸ್ ಎರಡು ಟೂಲ್‌ಬಾಕ್ಸಿನಲ್ಲಿರಲಿ, ಅದೇ 30 ಆಂಪಿಯರ್‌ನವು.